ಪ್ರತೀಕಾರವುಳ್ಳ ರೋಗ, ಪ್ರತೀಕಾರವಿಲ್ಲದ ರೋಗ

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ತಕ್ಕ ಸಂದರ್ಭಗಳನ್ನು ಎಣಿಸುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬ ನಾಲ್ಕನ್ನು ಹೇಳಿದ್ದಾರೆ. ಪ್ರವಚನಗಳಲ್ಲಿ ಈ ನಾಲ್ಕು ಹೆಸರುಗಳು ಸರಾಗವಾಗಿ ಬರುತ್ತವೆ. ಇವುಗಳಿಗೆ ಆಚಾರ್ಯರು ಕೂಡಿಸಿದ ಒಂದು ವಿಶೇಷಣ ಮಾತ್ರ ಅನೇಕ ವೇಳೆ ಕೇಳುಗರ ಕಿವಿಯನ್ನು ದಾಟಿ ಹೋಗುತ್ತದೆ. ಅದು ‘ನಿಃಪ್ರತೀಕಾರ’ ಎಂಬುದು. ಪ್ರತೀಕಾರವಿಲ್ಲದ, ಎಂದರೆ ಪರಿಹಾರದ ದಾರಿ ಮುಗಿದ ರೋಗವೇ ಸಲ್ಲೇಖನಕ್ಕೆ ಕಾರಣವಾಗಬಲ್ಲುದು, ಬರಿಯ ರೋಗವಲ್ಲ. ದೊಡ್ಡ ರೋಗಗಳಲ್ಲಿ ಬಹುಪಾಲಿಗೆ ಮದ್ದೇ ಇಲ್ಲದಿದ್ದ ಕಾಲದಲ್ಲಿ ಈ ವಿಶೇಷಣದ ತೂಕವನ್ನು ಪರೀಕ್ಷಿಸುವ ಪ್ರಸಂಗ ಅಷ್ಟಾಗಿ ಬರಲಿಲ್ಲ. ಅರ್ಬುದ ರೋಗ, ಜನರ ಬಾಯಲ್ಲಿ ಕ್ಯಾನ್ಸರ್, ಆ ಪ್ರಸಂಗವನ್ನು ಈಗ ಮನೆಮನೆಗೆ ತಂದಿದೆ. ಕೀಮೋಥೆರಪಿ ಎಂಬ ಚಿಕಿತ್ಸೆ ಕೆಲವು ಅರ್ಬುದಗಳನ್ನು ನಿಃಪ್ರತೀಕಾರದ ಪಟ್ಟಿಯಿಂದ ಹೊರಗೆ ತೆಗೆದಿದೆ, ಕೆಲವನ್ನು ತೆಗೆದಿಲ್ಲ. ಯಾವುದು ಯಾವುದೆಂದು ತಿಳಿಯದೆ ಶ್ರಾವಕನು ಧರ್ಮದ ಹೆಸರಿನಲ್ಲಿ ಮಾಡುವ ನಿರ್ಣಯ ಧರ್ಮಸಮ್ಮತವಾಗುವುದು ಕಷ್ಟ.

ಬೆಳಗಾವಿ ಜಿಲ್ಲೆಯ ಒಂದು ವ್ಯಾಪಾರಸ್ಥ ಮನೆತನದಲ್ಲಿ ಎರಡು ವರ್ಷಗಳ ಅಂತರದಲ್ಲಿ ನಡೆದ ಎರಡು ಸಂಗತಿಗಳು ಈ ಕಷ್ಟವನ್ನು ಚೆನ್ನಾಗಿ ತೋರಿಸುತ್ತವೆ. ಆ ಮನೆಯ ಹಿರಿಯರಿಗೆ ಎಪ್ಪತ್ತೊಂದು ವರ್ಷ. ನಿತ್ಯ ದೇವದರ್ಶನ, ರಾತ್ರಿಭೋಜನ ತ್ಯಾಗ, ಅಷ್ಟಮಿ ಚತುರ್ದಶಿಗಳ ಉಪವಾಸ ಇವುಗಳಲ್ಲಿ ಲೋಪವಿಲ್ಲದೆ ಬಾಳಿದವರು. ಕೊನೆಗಾಲದಲ್ಲಿ ಸಮಾಧಿಮರಣ ಒದಗಲೆಂದು ಹತ್ತಾರು ವರ್ಷಗಳಿಂದ ಭಾವಿಸುತ್ತ ಬಂದವರು. ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಅದು ಯಕೃತ್ತಿಗೆ ಹರಡಿತ್ತು. ಮಕ್ಕಳು ವೈದ್ಯರನ್ನು ಬಾಗಿಲ ಹೊರಗೇ ತಡೆದು, “ಅಪ್ಪಾರಿಗೆ ರೋಗದ ಹೆಸರು ಹೇಳಬ್ಯಾಡ್ರಿ ಡಾಕ್ಟರ್” ಎಂದು ಕೇಳಿಕೊಂಡರು. ಯಾವ ಔಷಧವೆಂದು ಹಿರಿಯರು ಕೇಳಿದಾಗಲೆಲ್ಲ ಶಕ್ತಿಗೆ ಏರಿಸುವ ಸಲೈನ್ ಎಂದು ಉತ್ತರ ಬಂತು. ನಾಲ್ಕು ಸುತ್ತು ಕೀಮೋ ಆಯಿತು. ಐದನೆಯದಕ್ಕೆ ಮೊದಲು ಉಸಿರಾಟದ ಯಂತ್ರಕ್ಕೆ ಒಳಪಟ್ಟು, ಗಾಜಿನ ಕೋಣೆಯಲ್ಲಿ ಪ್ರಾಣಬಿಟ್ಟರು. ಪಂಚನಮಸ್ಕಾರ ಮಂತ್ರವನ್ನು ಕಿವಿಯಲ್ಲಿ ಹೇಳುವುದಕ್ಕೆ ಸಿಕ್ಕಿದ್ದು ಭೇಟಿಯ ಹದಿನೈದು ನಿಮಿಷ ಮಾತ್ರ. ಅವರಿಗೆ ಅದು ಕೇಳಿಸಿತೋ ಇಲ್ಲವೋ ಹೇಳಬಲ್ಲವರಿಲ್ಲ.

ಎರಡು ವರ್ಷಗಳ ಮೇಲೆ ಅವರ ತಮ್ಮನ ಪತ್ನಿಗೆ, ಐವತ್ತನಾಲ್ಕು ವರ್ಷದ ಶ್ರಾವಿಕೆಗೆ, ಸ್ತನದಲ್ಲಿ ಗಡ್ಡೆ ಕಾಣಿಸಿತು. ಶಸ್ತ್ರಚಿಕಿತ್ಸೆಯಿಂದ ಗಡ್ಡೆಯನ್ನು ತೆಗೆದರು. ಕಂಕುಳಿನ ಎರಡು ಗ್ರಂಥಿಗಳಲ್ಲಿ ರೋಗದ ಅಂಶ ಇದ್ದುದರಿಂದ ವೈದ್ಯರು ಕೀಮೋಥೆರಪಿಗೆ ಸಲಹೆಯಿತ್ತರು. ಆಕೆ ಒಲ್ಲೆನೆಂದರು. ಭಾವನವರಿಗೆ ಆದುದನ್ನು ಕಣ್ಣಾರೆ ಕಂಡ ಭಯ ಒಂದು. ತಲೆಗೂದಲು ಉದುರಿದ ಮುಖವನ್ನು ಬಸದಿಯಲ್ಲಿ ಹೇಗೆ ತೋರಿಸಲೆಂಬ ಸಂಕೋಚ ಇನ್ನೊಂದು. ಆದರೆ ಬಾಯಲ್ಲಿ ಬಂದ ಕಾರಣ ಬೇರೆ: “ಜೀವಕೋಶಗಳನ್ನು ಕೊಲ್ಲುವ ಔಷಧ ಅಂತ ಅವರೇ ಹೇಳ್ತಾರ. ಕೊಂದು ಬದುಕೂದು ನನಗ ಬ್ಯಾಡ. ಸಲ್ಲೇಖನ ಕೊಡಿಸ್ರಿ.” ಹಿರಿಯರ ವಿಷಯದಲ್ಲಿ ಕೊನೆಯ ಹನಿಯವರೆಗೂ ಔಷಧ ಏರಿಸಿದ ಅದೇ ಮನೆಯವರು ಈ ಮಾತಿಗೆ ತಲೆಬಾಗಿದರು, ಎಂಥ ವೈರಾಗ್ಯ ಎಂದು ಕೊಂಡಾಡಿದವರೂ ಇದ್ದರು. ಔಷಧ ಕೆಲಸ ಮಾಡದ ಕಡೆ ಅದನ್ನು ಬಲವಂತವಾಗಿ ಕೊಟ್ಟು, ಕೆಲಸ ಮಾಡಬಹುದಾದ ಕಡೆ ಬೇಡವೆಂದುದನ್ನು ಒಪ್ಪಿಕೊಂಡ ವಿಪರ್ಯಾಸ ಯಾರಿಗೂ ಹೊಳೆಯಲಿಲ್ಲ.

ಆದುದರಿಂದ ಈ ಔಷಧ ಏನೆಂಬುದನ್ನೇ ಮೊದಲು ನೋಡಬೇಕು. ರಾಸಾಯನಿಕದಿಂದ ಮಾಡುವ ಚಿಕಿತ್ಸೆ ಎಂಬ ಅರ್ಥದ ‘ಕೀಮೋಥೆರಪಿ’ ಪದವನ್ನು ಬಳಕೆಗೆ ತಂದವರು ಜರ್ಮನಿಯ ಪಾಲ್ ಎರ್ಲಿಕ್. ಅವರ ಗಮನವಿದ್ದುದು ಸೋಂಕು ರೋಗಗಳ ಮೇಲೆ. ಅರ್ಬುದಕ್ಕೆ ಈ ದಾರಿ ತೆರೆದುದು ಯುದ್ಧದ ವಿಷದಿಂದ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಪ್ರಯೋಗಿಸಿದ ಮಸ್ಟರ್ಡ್ ಅನಿಲ ಚರ್ಮವನ್ನು ಸುಡುವುದಷ್ಟೇ ಅಲ್ಲದೆ ರಕ್ತದ ಬಿಳಿಕಣಗಳನ್ನೂ ನಾಶಮಾಡುತ್ತದೆಂದು ಕಂಡುಬಂದಿತ್ತು. ಬಿಳಿಕಣಗಳೇ ಅತಿಯಾಗಿ ಬೆಳೆಯುವ ರೋಗಕ್ಕೆ ಇದೇ ಮದ್ದಾಗಬಾರದೇಕೆ ಎಂದು ಯೋಚಿಸಿದ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗುಡ್‌ಮನ್ ಮತ್ತು ಗಿಲ್ಮನ್ 1942ರಲ್ಲಿ ಅದರ ಸಂಬಂಧಿಯಾದ ನೈಟ್ರೋಜನ್ ಮಸ್ಟರ್ಡನ್ನು ಒಬ್ಬ ರೋಗಿಗೆ ಕೊಟ್ಟರು. ಗಡ್ಡೆಗಳು ಕರಗಿದವು, ಮತ್ತೆ ಬಂದವು, ಆ ವರ್ಷ ಮುಗಿಯುವುದರೊಳಗೆ ರೋಗಿ ತೀರಿಕೊಂಡ. 1943ರ ಡಿಸೆಂಬರ್ 2ರಂದು ಇಟಲಿಯ ಅಪುಲಿಯಾ ಪ್ರಾಂತದ ಬಾರಿ ಬಂದರಿನ ಮೇಲೆ ಜರ್ಮನ್ ವಿಮಾನಗಳು ಬಾಂಬು ಹಾಕಿದಾಗ ಅಮೆರಿಕದ ಹಡಗೊಂದರಲ್ಲಿ ಗುಟ್ಟಾಗಿ ತುಂಬಿದ್ದ ಮಸ್ಟರ್ಡ್ ಸಿಡಿಗುಂಡುಗಳು ಒಡೆದು ನೂರಾರು ಜನ ವಿಷಕ್ಕೆ ಸಿಕ್ಕರು. ಅವರ ರಕ್ತದಲ್ಲಿಯೂ ಬಿಳಿಕಣಗಳು ಕುಸಿದುದನ್ನು ವೈದ್ಯರು ದಾಖಲಿಸಿದರು.

ಇದೇ ಕಾಲಕ್ಕೆ ಇನ್ನೊಂದು ದಾರಿಯನ್ನು ತೆರೆದವರಲ್ಲಿ ಭಾರತೀಯರೊಬ್ಬರಿದ್ದರು. 1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಔಷಧ ಕಂಪನಿಯ ಸಂಶೋಧನಾಲಯದಲ್ಲಿದ್ದು, ಫೋಲಿಕ್ ಆಮ್ಲವೆಂಬ ಜೀವಸತ್ತ್ವಕ್ಕೆ ಪ್ರತಿಯಾಗಿ ನಿಂತು ಅದರ ಕೆಲಸವನ್ನು ತಡೆಯುವ ಅಮಿನಾಪ್ಟೆರಿನ್ ಎಂಬ ವಸ್ತುವನ್ನು ತಮ್ಮ ಸಂಗಡಿಗರೊಡನೆ ಸಿದ್ಧಪಡಿಸಿದರು. ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು, 16 ಮಕ್ಕಳಲ್ಲಿ 10 ಮಂದಿ ಸ್ವಲ್ಪ ಕಾಲವಾದರೂ ಚೇತರಿಸಿಕೊಂಡರೆಂದು 1948ರಲ್ಲಿ ಪ್ರಕಟಿಸಿದರು. ಸುಬ್ಬರಾವ್ ಅದೇ ವರ್ಷ ಕಾಲವಾದರು. ಅಂದು ವಾರಗಳಲ್ಲಿ ಸಾಯುತ್ತಿದ್ದ ಆ ರೋಗದ ಮಕ್ಕಳಲ್ಲಿ, ಒಳ್ಳೆಯ ಚಿಕಿತ್ಸೆ ದೊರೆಯುವ ದೇಶಗಳಲ್ಲಿ, ಇಂದು ನೂರಕ್ಕೆ ತೊಂಬತ್ತರಷ್ಟು ಬದುಕುತ್ತಾರೆ.

ಈ ಔಷಧಗಳಲ್ಲಿ ಬಹುಪಾಲಿನ ಗುಣ ಒಂದೇ: ಬೇಗಬೇಗ ಇಬ್ಭಾಗವಾಗುವ ಕೋಶಗಳನ್ನು ಆ ಇಬ್ಭಾಗದ ಹೊತ್ತಿನಲ್ಲಿ ಹಿಡಿದು ಕೆಡಿಸುವುದು. ಅರ್ಬುದದ ಕೋಶ ಎಲ್ಲೆಯಿಲ್ಲದೆ ಇಬ್ಭಾಗವಾಗುತ್ತದೆ. ದುರ್ದೈವದಿಂದ ಕೂದಲಿನ ಬುಡ, ಬಾಯಿಯ ಒಳಪದರ, ಕರುಳಿನ ಪದರ, ರಕ್ತವನ್ನು ಹುಟ್ಟಿಸುವ ಮೂಳೆಯ ಮಜ್ಜೆ ಇವೂ ಸಹಜವಾಗಿ ಬೇಗ ಬೆಳೆಯುವಂಥವು. ಔಷಧಕ್ಕೆ ಇವುಗಳ ಭೇದ ಪೂರ್ತಿಯಾಗಿ ತಿಳಿಯದು. ಕೂದಲುದುರುವುದು, ಬಾಯಿ ಹುಣ್ಣಾಗುವುದು, ಭೇದಿ, ರಕ್ತಕಣಗಳ ಇಳಿತ, ಎಲ್ಲವೂ ಇದರಿಂದಲೇ. ಆದರೆ ಆರೋಗ್ಯದ ಕೋಶಗಳು ಎರಡು ಮೂರು ವಾರಗಳಲ್ಲಿ ತಮ್ಮ ನಷ್ಟವನ್ನು ತುಂಬಿಕೊಳ್ಳುತ್ತವೆ. ರೋಗದ ಕೋಶಗಳು ಅಷ್ಟು ಬೇಗ ತುಂಬಿಕೊಳ್ಳಲಾರವು. ಈ ವ್ಯತ್ಯಾಸದ ಮೇಲೆಯೇ ಚಿಕಿತ್ಸೆ ನಿಂತಿದೆ. ಸುತ್ತುಗಳ ನಡುವೆ ಬಿಡುವು ಕೊಡುವುದು ಇದಕ್ಕಾಗಿಯೇ.

ಗಡ್ಡೆ ತೆಗೆದ ಮೇಲೂ ಏಕೆ ಇಷ್ಟೊಂದು ಸುತ್ತು ಎಂಬ ಪ್ರಶ್ನೆ ಬಹಳ ಜನರದು. ಲೆಕ್ಕಪತ್ರ ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅಂಗಡಿಯ ಯಂತ್ರಕ್ಕೆ ವರ್ಷವರ್ಷವೂ ಉಳಿದ ಬೆಲೆಯ ಮೇಲೆ ಶೇಕಡಾವಾರು ಸವಕಳಿ ಕಳೆಯುತ್ತ ಹೋದರೆ ಬೆಲೆ ಇಳಿಯುತ್ತಲೇ ಹೋಗುತ್ತದೆ, ಸೊನ್ನೆಗೆ ಮಾತ್ರ ಬರುವುದಿಲ್ಲ. ಕೀಮೋಥೆರಪಿಯೂ ಪ್ರತಿ ಸುತ್ತಿನಲ್ಲಿ ಇಂತಿಷ್ಟು ಕೋಶಗಳನ್ನಲ್ಲ, ಇದ್ದವುಗಳಲ್ಲಿ ಇಂತಿಷ್ಟು ಪಾಲನ್ನು ಕೊಲ್ಲುತ್ತದೆ. ಹೋವರ್ಡ್ ಸ್ಕಿಪ್ಪರ್ ಎಂಬ ವಿಜ್ಞಾನಿ ಇಲಿಗಳ ರಕ್ತ ಕ್ಯಾನ್ಸರಿನ ಮೇಲೆ ನಡೆಸಿದ ಪ್ರಯೋಗಗಳಿಂದ 1960ರ ದಶಕದಲ್ಲಿ ಈ ನಿಯಮವನ್ನು ತೋರಿಸಿದರು. ಒಂದು ಸೆಂಟಿಮೀಟರ್ ಅಗಲದ ಗಡ್ಡೆಯಲ್ಲಿ ಸುಮಾರು 100 ಕೋಟಿ ಕೋಶಗಳಿರುತ್ತವೆಂದು ಲೆಕ್ಕ. ಒಂದು ಸುತ್ತು ನೂರಕ್ಕೆ ತೊಂಬತ್ತೊಂಬತ್ತನ್ನು ತೆಗೆಯಿತೆಂದು ಇಟ್ಟುಕೊಂಡರೂ ಒಂದು ಕೋಟಿ ಉಳಿಯಿತು, ಎರಡನೆಯದಕ್ಕೆ ಒಂದು ಲಕ್ಷ, ಮೂರನೆಯದಕ್ಕೆ ಸಾವಿರ. ಒಂದು ಲಕ್ಷಕ್ಕೆ ಇಳಿಯುವ ಮೊದಲೇ ಯಾವ ಸ್ಕ್ಯಾನಿಗೂ ಅದು ಕಾಣದು. ಗಡ್ಡೆ ಕಾಣುವುದಿಲ್ಲ, ಆದುದರಿಂದ ಔಷಧ ಸಾಕು ಎಂದು ನಡುವೆ ನಿಲ್ಲಿಸುವವನು ಸಾಲದ ಕಾಗದ ಕಳೆದುಹೋಯಿತೆಂದು ಸಾಲವೇ ತೀರಿತೆಂದುಕೊಂಡವನಂತೆ. ಮನುಷ್ಯನ ಗಡ್ಡೆಗಳು ಪ್ರಯೋಗಶಾಲೆಯ ಇಲಿಗಳಷ್ಟು ನಿಯಮಕ್ಕೆ ಒಳಪಡುವುದಿಲ್ಲ, ಕೆಲವು ಕೋಶಗಳು ಔಷಧಕ್ಕೆ ಬಗ್ಗದೆ ಉಳಿದು ಬೆಳೆಯುತ್ತವೆ ಎಂಬುದೂ ನಿಜ. ಒಂದೇ ಔಷಧದ ಬದಲು ಎರಡು ಮೂರನ್ನು ಕೂಡಿಸಿ ಕೊಡುವುದು ಆ ಕಾರಣಕ್ಕೆ.

ಇನ್ನು ಹಿಂಸೆಯ ಪ್ರಶ್ನೆ. ಆ ಶ್ರಾವಿಕೆಯ ಸಂಶಯಕ್ಕೆ ಮೂಲ ಅರ್ಧದಷ್ಟು ಕನ್ನಡ ಪದವೊಂದರಲ್ಲಿದೆ. ವಿಜ್ಞಾನದ ಪಠ್ಯಪುಸ್ತಕಗಳು ‘ಜೀವಕೋಶ’ ಎಂಬ ಪದವನ್ನು ಟಂಕಿಸಿದಾಗ ಜೈನ ಆಗಮದ ‘ಜೀವ’ ತತ್ತ್ವವನ್ನು ಮನಸ್ಸಿನಲ್ಲಿಟ್ಟು ಟಂಕಿಸಲಿಲ್ಲ. ಆಗಮದ ಜೀವ ಚೇತನಾಲಕ್ಷಣವುಳ್ಳದ್ದು, ಉಪಯೋಗವುಳ್ಳದ್ದು. ಸ್ತನದಲ್ಲಿ ಬೆಳೆದ ಗಡ್ಡೆ ಆ ಶ್ರಾವಿಕೆಯ ಔದಾರಿಕ ಶರೀರದ್ದೇ ಪುದ್ಗಲ. ಅವಳ ಆತ್ಮಕ್ಕೆ ಸೇರಿದ ದೇಹದ ಕೆಟ್ಟುಹೋದ ಭಾಗ. ಅದನ್ನು ಬೇರೆಯೊಬ್ಬ ಪ್ರಾಣಿಯೆಂದು ಎಣಿಸಿ ಕನಿಕರ ಪಡುವುದು, ಹುಳುಕು ಹಲ್ಲನ್ನು ಕೀಳಿಸಲು ಹಿಂಜರಿದಂತೆ. ದೇಹದಲ್ಲಿ ಸೂಕ್ಷ್ಮ ನಿಗೋದ ಜೀವಿಗಳು ನೆಲೆಸಿರುತ್ತವೆಂಬುದು ಆಗಮದ ಮಾತು, ನಿಜ. ಆದರೆ ಆ ಲೆಕ್ಕದಲ್ಲಿ ಊಟ, ಸ್ನಾನ, ನಡಿಗೆ ಯಾವುದೂ ಉಳಿಯದು. ಶ್ರಾವಕನ ಅಹಿಂಸಾಣುವ್ರತ ಸಂಕಲ್ಪಪೂರ್ವಕವಾದ ತ್ರಸಹಿಂಸೆಯ ತ್ಯಾಗ. ಉಮಾಸ್ವಾತಿ ಆಚಾರ್ಯರು ಹಿಂಸೆಯ ಲಕ್ಷಣದಲ್ಲಿ ಪ್ರಮಾದದ ಯೋಗವನ್ನು ಮೊದಲಿಟ್ಟು ಪ್ರಾಣಹರಣವನ್ನು ಆಮೇಲೆ ಇಟ್ಟಿದ್ದಾರೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನೇ ಬಿಡಿಸಿ ಬಿಡಿಸಿ ಹೇಳಿದ್ದಾರೆ. ರೋಗವನ್ನು ನೀಗಿಕೊಳ್ಳುವ ಶ್ರಾವಿಕೆಯಲ್ಲಿ ಯಾವ ಪ್ರಾಣಿಯ ಮೇಲಿನ ಕಷಾಯವಿದೆ?

ಇಷ್ಟು ಹೇಳಿ ಕೈತೊಳೆದುಕೊಂಡರೆ ಅದು ಪ್ರಾಮಾಣಿಕವಾಗದು. ಹಿಂಸೆ ಈ ಔಷಧದಲ್ಲಿ ಇಲ್ಲವೆಂದಲ್ಲ, ಇರುವುದು ಬೇರೆ ಕಡೆ. ಮೇಲೆ ಹೇಳಿದ ಇಲಿಗಳು ಪಂಚೇಂದ್ರಿಯ ಜೀವಿಗಳು. ಇಂದು ಅಂಗಡಿಯಲ್ಲಿ ಸಿಗುವ ಕೀಮೋ ಔಷಧಗಳೆಲ್ಲ ಪ್ರಾಣಿಗಳ ಮೇಲಿನ ಪ್ರಯೋಗವನ್ನು ದಾಟಿಯೇ ಬಂದವು. ರೋಗಿ ಅದನ್ನು ಮಾಡಲಿಲ್ಲ, ಮಾಡಿಸಲಿಲ್ಲ; ಅನುಮೋದನೆ ಇಲ್ಲದೆಯೂ ಫಲವನ್ನು ಪಡೆಯುತ್ತಾನೆ. ಈ ಬಾಕಿಯನ್ನು ಖಾತೆಯಿಂದ ಅಳಿಸಿಹಾಕುವ ಉಪಾಯ ಯಾವ ಶಾಸ್ತ್ರಿಗಳ ಬಳಿಯೂ ಇಲ್ಲ. ಪ್ರತಿಕ್ರಮಣದಲ್ಲಿ ಅದನ್ನು ನೆನೆಯುವುದು, ಪ್ರಾಣಿಗಳಿಲ್ಲದೆ ಪರೀಕ್ಷಿಸುವ ವಿಧಾನಗಳಿಗೆ ಸಮಾಜದ ದಾನದ ಒಂದು ಪಾಲು ಹೋಗುವಂತೆ ನೋಡುವುದು, ಇವು ಸಾಧ್ಯ. ಔಷಧದ ಮೂಲದಲ್ಲಿಯೂ ತಾರತಮ್ಯವಿದೆ. ಟ್ಯಾಕ್ಸಾಲ್ ಎಂಬ ಹೆಸರಿನಲ್ಲಿ ಬಂದ ಪ್ಯಾಕ್ಲಿಟ್ಯಾಕ್ಸೆಲ್ ಔಷಧಕ್ಕೆ ಮೊದಲು ಅಮೆರಿಕದ ಪಶ್ಚಿಮ ಕರಾವಳಿಯ ಯೂ ಮರದ ತೊಗಟೆಯನ್ನು ಸುಲಿಯುತ್ತಿದ್ದರು, ಸುಲಿದ ಮರ ಸಾಯುತ್ತಿತ್ತು. ಆಮೇಲೆ ಬೇರೊಂದು ಜಾತಿಯ ಯೂ ಗಿಡದ ಎಲೆಗಳಿಂದ ಮೂಲವಸ್ತುವನ್ನು ತೆಗೆದು ಔಷಧವನ್ನು ಪೂರ್ಣಗೊಳಿಸುವ ದಾರಿ ಸಿಕ್ಕಿತು. ಎಲೆ ಮತ್ತೆ ಚಿಗುರುತ್ತದೆ. ನೇರಳೆ ಮರದ ಹಣ್ಣಿಗಾಗಿ ಬುಡವನ್ನೇ ಕಡಿಯಹೊರಟವನಿಂದ ಹಿಡಿದು ಬಿದ್ದ ಹಣ್ಣನ್ನು ಆಯ್ದುಕೊಂಡವನವರೆಗಿನ ಷಡ್ಲೇಶ್ಯೆಯ ಚಿತ್ರವನ್ನು ಬಸದಿಗಳಲ್ಲಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿತ್ತಲಲ್ಲಿ ತಾನಾಗಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದಲೂ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಎರಡು ಔಷಧಗಳು ಬಂದಿವೆ.

ಕರ್ಮದ ವಾದವೊಂದು ಉಳಿಯಿತು. ಆಯುಷ್ಯಕರ್ಮ ಇರುವಷ್ಟು ದಿನ ಇದ್ದೇ ಇರುತ್ತದೆ, ಅಸಾತಾವೇದನೀಯವನ್ನು ಅನುಭವಿಸಿಯೇ ತೀರಬೇಕು, ಔಷಧವೇಕೆ ಎಂದು ಕೇಳುವವರಿದ್ದಾರೆ. ಕೇಳುವವರೇ ರಕ್ತದೊತ್ತಡದ ಗುಳಿಗೆಯನ್ನು ತಪ್ಪದೆ ನುಂಗುವುದೂ ಉಂಟು. ತತ್ತ್ವಾರ್ಥಸೂತ್ರವು ದೇವ ನಾರಕಿಗಳು, ಚರಮೋತ್ತಮ ದೇಹಿಗಳು ಮೊದಲಾದ ಕೆಲವರನ್ನು ಬಿಟ್ಟು ಉಳಿದವರ ಆಯುಷ್ಯ ಹೊರಗಿನ ನಿಮಿತ್ತಗಳಿಂದ ಮೊಟಕಾಗಬಹುದೆಂದು ಒಪ್ಪುತ್ತದೆ. ಇದರ ಮೇಲೆ ಅಕಲಂಕದೇವರು ರಾಜವಾರ್ತಿಕದಲ್ಲಿ ವಾದವನ್ನು ಬೆಳೆಸಿ, ಅಕಾಲಮೃತ್ಯು ಇಲ್ಲವೆನ್ನುವುದಾದರೆ ಆಯುರ್ವೇದ ಶಾಸ್ತ್ರಕ್ಕೆ ಪ್ರಯೋಜನವೇ ಇಲ್ಲವಾಗುತ್ತದೆಂಬ ಯುಕ್ತಿಯನ್ನು ಮುಂದಿಟ್ಟಿದ್ದಾರೆ. ನಾಲ್ಕು ದಾನಗಳಲ್ಲಿ ಔಷಧದಾನಕ್ಕೆ ಸ್ಥಾನ ಕೊಟ್ಟ ಧರ್ಮವು ಔಷಧವನ್ನು ವ್ಯರ್ಥವೆಂದು ಹೇಗೆ ಹೇಳೀತು?

ಎಲ್ಲಕ್ಕಿಂತ ದೊಡ್ಡ ನಿದರ್ಶನ ಸಮಂತಭದ್ರರದೇ. ಎಷ್ಟು ತಿಂದರೂ ಸುಟ್ಟು ಬೂದಿಯಾಗುವ ಭಸ್ಮಕ ರೋಗ ಅವರಿಗೆ ಬಂದಿತ್ತೆಂಬ ಪರಂಪರೆಯ ಕಥೆಯನ್ನು ಕೇಳದ ಶ್ರಾವಕರು ವಿರಳ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿಯೇ ಅದರ ಸೂಚನೆಯಿದೆ. ಮುನಿಚರ್ಯೆಯಲ್ಲಿದ್ದು ಆ ರೋಗವನ್ನು ತಣಿಸುವಷ್ಟು ಆಹಾರವನ್ನು ಪಡೆಯಲಾಗದೆ ಅವರು ಗುರುಗಳ ಬಳಿ ಸಲ್ಲೇಖನವನ್ನು ಬೇಡಿದರು. ಗುರುಗಳು ಕೊಡಲಿಲ್ಲ. ರೋಗ ಶಮನವಾಗುವಂಥದು, ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಬಹಳವಿದೆ, ವೇಷವನ್ನು ಬಿಟ್ಟಾದರೂ ಗುಣಮಾಡಿಕೊ, ಮತ್ತೆ ದೀಕ್ಷೆ ತೆಗೆದುಕೊ ಎಂಬ ಅಭಿಪ್ರಾಯದ ಆಜ್ಞೆ ಕೊಟ್ಟರು. ಪಿಂಛಿಯನ್ನು ಕೆಳಗಿಟ್ಟು ಅನ್ಯವೇಷದಲ್ಲಿ ತಿರುಗುವುದು ಅಂಥ ಮುನಿಗೆ ಕೂದಲುದುರುವುದಕ್ಕಿಂತ ಎಷ್ಟು ದೊಡ್ಡ ಸಂಕಟವಾಗಿರಬೇಕು! ನಿಃಪ್ರತೀಕಾರ ಎಂಬ ಷರತ್ತನ್ನು ಶ್ರಾವಕಾಚಾರದಲ್ಲಿ ಇಟ್ಟವರಿಗೆ ಪರಂಪರೆ ಇಂಥ ಅನುಭವವನ್ನು ಹೇಳುವುದು ಅರ್ಥವತ್ತಾಗಿದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಸಲ್ಲೇಖನಕ್ಕೆ ಕೊಟ್ಟ ಹೋಲಿಕೆಯೂ ವ್ಯಾಪಾರಿಯದೇ. ಸರಕು ತುಂಬಿದ ಮನೆ ಹಾಳಾಗುವುದು ವರ್ತಕನಿಗೆ ಬೇಡದ ಸಂಗತಿ. ಅಪಾಯ ಬಂದರೆ ಮೊದಲು ಅದನ್ನು ಶಕ್ತಿಮೀರಿ ನಿವಾರಿಸುತ್ತಾನೆ. ನಿವಾರಿಸಲಾಗದು ಎಂದಾದಾಗ ಮನೆಯನ್ನು ಬಿಟ್ಟು ಸರಕನ್ನು ಉಳಿಸಿಕೊಳ್ಳುತ್ತಾನೆ. ವ್ರತಶೀಲಗಳು ಸರಕು, ದೇಹ ಮನೆ. ಕಿಡಿ ಬಿದ್ದ ಕೂಡಲೇ, ಬಾವಿಯಲ್ಲಿ ನೀರಿರುವಾಗಲೇ, ಮನೆ ಬಿಟ್ಟು ಓಡುವವನ ಮಾತು ಆ ಹೋಲಿಕೆಯಲ್ಲಿ ಇಲ್ಲ.

ಆ ವರ್ಷ ಆ ಊರಿನಲ್ಲಿ ಚಾತುರ್ಮಾಸ ಮಾಡಿದ್ದ ಮುನಿಮಹಾರಾಜರ ಮುಂದೆ ಶ್ರಾವಿಕೆ ತನ್ನ ಕೋರಿಕೆಯನ್ನಿಟ್ಟಾಗ ಮಹಾರಾಜರು ಒಂದೇ ಪ್ರಶ್ನೆ ಕೇಳಿದರು. “ವೈದ್ಯರು ಪ್ರತೀಕಾರವಿಲ್ಲ ಎಂದರೇನಮ್ಮಾ?” ಇದೆ ಎಂದರೆಂದು ಆಕೆ ಒಪ್ಪಿಕೊಳ್ಳಬೇಕಾಯಿತು. “ಹಾಗಾದರೆ ನೀನು ಕೇಳುತ್ತಿರುವುದು ಸಲ್ಲೇಖನವನ್ನಲ್ಲ. ಏನನ್ನು ಕೇಳುತ್ತಿದ್ದೀಯೆ ಎಂದು ನೋಡಿಕೊಂಡು ನಾಳೆ ಬಾ.” ಸಲ್ಲೇಖನದ ಐದು ಅತಿಚಾರಗಳಲ್ಲಿ ಬದುಕಬೇಕೆಂಬ ಆಸೆಯಂತೆಯೇ ಸಾಯಬೇಕೆಂಬ ಆಸೆಯೂ ಒಂದು, ಭಯವೂ ಒಂದು ಎಂಬುದನ್ನು ಆಕೆ ಬಾಲ್ಯದಿಂದ ಪಾಠಮಾಡಿದ್ದವರೇ. ಮರುದಿನ ಆಕೆ ಕೂದಲಿನ ಸಂಕೋಚವನ್ನೂ ಹೇಳಿಕೊಂಡರು. ತಮ್ಮ ಕೈಯಿಂದಲೇ ಕೇಶಲೋಚ ಮಾಡಿಕೊಂಡ ಮಹಾರಾಜರ ತಲೆ ಎದುರಿಗಿತ್ತು. ಆ ಮಾತು ಅಲ್ಲಿಗೇ ನಿಂತಿತು.

ಚಿಕಿತ್ಸೆ ಹಿಡಿದ ಮೇಲೆ ವ್ರತಗಳ ಗತಿಯೇನು ಎಂಬುದು ಸಣ್ಣ ಪ್ರಶ್ನೆಯಲ್ಲ. ಈ ಭಯದಿಂದ ಹಿಂಜರಿದವರು ಹಲವರು. ಆಕೆಗೆ ಮೊದಲ ನಾಲ್ಕು ಸುತ್ತಿನಲ್ಲಿ ಕೊಡಬೇಕಾದ ಔಷಧಗಳು ಎರಡು. ಕೆಂಪು ಬಣ್ಣದ ಏಡ್ರಿಯಾಮೈಸಿನ್ ಒಂದು. ಅದರ ಸೂಕ್ಷ್ಮಾಣು ಸಿಕ್ಕಿದ್ದು, ಬಾರಿ ಬಂದರು ಇರುವ ಅದೇ ಅಪುಲಿಯಾ ಪ್ರಾಂತದ ಮಣ್ಣಿನಲ್ಲಿ. ಇನ್ನೊಂದು ಸೈಕ್ಲೋಫಾಸ್ಫಮೈಡ್, ನೈಟ್ರೋಜನ್ ಮಸ್ಟರ್ಡಿನ ಮನೆತನದ್ದೇ. ಈ ಎರಡನೆಯದರ ಅಂಶ ಮೂತ್ರಕೋಶದಲ್ಲಿ ನಿಂತರೆ ಅದರ ಒಳಪದರ ಸುಟ್ಟು ರಕ್ತ ಹೋಗಬಹುದು. ಆದುದರಿಂದ ಔಷಧ ಏರಿಸಿದ ದಿನ ಮತ್ತು ಮರುದಿನ ಧಾರಾಳವಾಗಿ ನೀರು ಕುಡಿಯಬೇಕು, ಮೂತ್ರವನ್ನು ತಡೆಯಬಾರದು. ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟದವರಿಗೆ ಇದು ಇಕ್ಕಟ್ಟು. ಔಷಧವನ್ನು ಬೆಳಿಗ್ಗೆ ಮೊದಲ ಸರದಿಯಲ್ಲಿ ಏರಿಸುವಂತೆ ಕೇಳಿಕೊಂಡರೆ ಹಗಲಿನಲ್ಲಿಯೇ ಬಹುಪಾಲು ನೀರು ಒಳಗೆ ಹೋಗುತ್ತದೆ. ಅಷ್ಟಾಗಿಯೂ ರಾತ್ರಿ ಬೇಕೆಂದು ವೈದ್ಯರು ಹೇಳಿದರೆ ಗುರುಗಳ ಅನುಮತಿಯಿಂದ ಆ ದಿನಗಳ ಮಟ್ಟಿಗೆ ಅಪವಾದವನ್ನು ಇಟ್ಟುಕೊಂಡು ಆಮೇಲೆ ಪ್ರಾಯಶ್ಚಿತ್ತ ತೆಗೆದುಕೊಳ್ಳಬಹುದು. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಬಾಲ, ವೃದ್ಧ, ಬಳಲಿದ, ರೋಗಿಯಾದ ಮುನಿಗೂ ಮೂಲ ಕಡಿದುಹೋಗದಂತೆ ತನಗೆ ತಕ್ಕ ಚರ್ಯೆಯನ್ನು ನಡೆಸುವ ಅವಕಾಶ ಇಟ್ಟಿದ್ದಾರೆ. ಮುನಿಗೆ ಇರುವುದು ಗೃಹಸ್ಥೆಗೆ ಇಲ್ಲದೆ ಹೋಗುವುದಿಲ್ಲ.

ಸಾಮಾನ್ಯವಾಗಿ ಔಷಧ ಏರಿಸಿದ ಏಳರಿಂದ ಹದಿನಾಲ್ಕು ದಿನಗಳ ನಡುವೆ ಬಿಳಿಕಣಗಳು ತೀರ ಕೆಳಗಿಳಿಯುತ್ತವೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ಎಂದು ಕಾದವರಲ್ಲಿ ರಕ್ತಕ್ಕೆ ಸೋಂಕು ಹತ್ತಿ ಸತ್ತವರಿದ್ದಾರೆ. ಈ ದಿನಗಳಲ್ಲಿ ಕಾಯಿಸಿ ಆರಿಸಿದ ನೀರು, ಆಗತಾನೆ ಮಾಡಿದ ಬಿಸಿ ಅಡುಗೆ, ನಿನ್ನೆಯ ತಂಗಳಿನ ವರ್ಜನೆ ಎಂದು ಆಸ್ಪತ್ರೆಯವರು ಕೊಡುವ ಸೂಚನೆಗಳನ್ನು ಓದಿದ ಶ್ರಾವಿಕೆ, ಇದು ತಮ್ಮ ಅಡುಗೆಮನೆಯ ನಿತ್ಯದ ಕ್ರಮವಲ್ಲವೇ ಎಂದು ನಕ್ಕರಂತೆ. ಉಪವಾಸದ ವಿಷಯ ಹಾಗಲ್ಲ. ಮೂರನೆಯ ಸುತ್ತು ಭಾದ್ರಪದದ ದಶಲಕ್ಷಣ ಪರ್ವದ ನಡುವೆ ಬಿತ್ತು. ಪ್ರತಿವರ್ಷ ಹತ್ತು ದಿನ ಏಕಾಶನ ಮಾಡುತ್ತಿದ್ದವರು ಈ ಸಲ ಎರಡು ಹೊತ್ತು ಉಂಡು, ಬಸದಿಯ ಜನಸಂದಣಿಗೆ ಹೋಗದೆ, ಮನೆಯಲ್ಲಿ ಕುಳಿತು ಸ್ವಾಧ್ಯಾಯ ಮಾಡಿದರು. ಹೊಟ್ಟೆಯ ಉಪವಾಸಕ್ಕಿಂತ ಇದೇ ಕಠಿಣವಾಯಿತೆಂದು ಅವರ ಮಾತು. ಶಕ್ತಿಗೆ ಮೊಟ್ಟೆ, ಮಾಂಸದ ಸಾರು ಎಂದು ಒತ್ತಾಯಿಸುವವರಿಗೆ ಉತ್ತರ ಹೊಸದೇನಲ್ಲ. ಒಂಬತ್ತನೆಯ ಶತಮಾನದಲ್ಲಿಯೇ ಉಗ್ರಾದಿತ್ಯಾಚಾರ್ಯರು ಅಮೋಘವರ್ಷ ನೃಪತುಂಗನ ಸಭೆಯಲ್ಲಿ ಮಾಂಸವು ಔಷಧವಲ್ಲವೆಂದು ವೈದ್ಯರ ಮುಂದೆ ವಾದಿಸಿದ್ದರು. ಬೇಳೆ, ಹಾಲು, ಮೊಸರು, ಶೇಂಗಾಗಳಿಂದ ಬೇಕಾದ ಪ್ರೋಟೀನ್ ದೊರೆಯುತ್ತದೆ, ಆದರೆ ಅಳೆದು ತಿನ್ನಬೇಕು.

ಇಷ್ಟಕ್ಕೂ ಆಕೆಗೆ ಲಾಭವೆಷ್ಟು? ಅನೇಕ ದೇಶಗಳ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಆರಂಭದ ಹಂತದ ಸ್ತನ ಕ್ಯಾನ್ಸರಿನಲ್ಲಿ ಶಸ್ತ್ರಚಿಕಿತ್ಸೆಯ ನಂತರದ ಇಂಥ ಕೀಮೋಥೆರಪಿ ಆ ರೋಗದಿಂದ ಆಗುವ ಸಾವುಗಳನ್ನು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಮಾಡುತ್ತದೆ. ಇದು ಖಾತರಿಯಲ್ಲ, ಪ್ರತೀಕಾರ ಹೌದು. ಹಿರಿಯರ ರೋಗದ ಲೆಕ್ಕ ಬೇರೆ. ಹರಡಿದ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ, ದೇಹ ಗಟ್ಟಿಯಾಗಿದ್ದವರನ್ನೇ ಆಯ್ದು ನಡೆಸಿದ, 2011ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ, ನಾಲ್ಕು ಔಷಧಗಳ ಪ್ರಬಲ ಮಿಶ್ರಣ ಪಡೆದವರ ಮಧ್ಯಮ ಆಯುಷ್ಯ 11.1 ತಿಂಗಳು, ಹಳೆಯ ಒಂದೇ ಔಷಧ ಪಡೆದವರದು 6.8 ತಿಂಗಳು. ಆ ನಾಲ್ಕು ತಿಂಗಳು ಕೆಲವರಿಗೆ ಅಮೂಲ್ಯವಾಗಬಹುದು. ಬೇಕೆನ್ನುವವರು ತೆಗೆದುಕೊಂಡರೆ ತಪ್ಪಿಲ್ಲ. ಆದರೆ ಬೇಕೇ ಎಂದು ಹಿರಿಯರನ್ನು ಯಾರೂ ಕೇಳಲಿಲ್ಲ. ಅವರ ರೋಗ ಶಾಸ್ತ್ರದ ಮಾತಿನಲ್ಲಿ ನಿಃಪ್ರತೀಕಾರವೇ ಆಗಿತ್ತು. ಆ ಔಷಧ ರೋಗವನ್ನು ಗುಣಪಡಿಸಲು ಕೊಡುತ್ತಿರುವುದೇ, ಸ್ವಲ್ಪ ತಡೆಹಿಡಿಯಲು ಕೊಡುತ್ತಿರುವುದೇ ಎಂಬ ಒಂದು ಪ್ರಶ್ನೆಯನ್ನು ಮಕ್ಕಳು ಮೊದಲ ದಿನವೇ ವೈದ್ಯರಿಗೆ ಕೇಳಿ, ಉತ್ತರವನ್ನು ತಂದೆಯವರಿಗೆ ಮುಟ್ಟಿಸಿದ್ದರೆ, ಅವರಿಗೆ ಕೊನೆಯ ಕೆಲವು ತಿಂಗಳು ಸ್ವಾಧೀನದಲ್ಲಿ ಇರುತ್ತಿದ್ದವು. ಸಲ್ಲೇಖನದ ವಿಧಿ ಸ್ನೇಹ, ವೈರ, ಸಂಗಗಳನ್ನು ಬಿಟ್ಟು ಬಂಧುಗಳನ್ನು ಕ್ಷಮಿಸಿ ಅವರಿಂದ ಕ್ಷಮೆ ಬೇಡುವುದರಿಂದ ಆರಂಭವಾಗುತ್ತದೆ. ಘನಾಹಾರದಿಂದ ಹಾಲಿಗೆ, ಹಾಲಿನಿಂದ ಬಿಸಿನೀರಿಗೆ ಕ್ರಮಕ್ರಮವಾಗಿ ಇಳಿಯಬೇಕು. ಇದಕ್ಕೆಲ್ಲ ಕಾಲ ಬೇಕು, ಎಚ್ಚರ ಬೇಕು. ಮಕ್ಕಳು ಪ್ರೀತಿಯಿಂದಲೇ ಮುಚ್ಚಿಟ್ಟರು. ಪ್ರೀತಿಯಿಂದ ಆಡಿದ ಸುಳ್ಳು ಸತ್ಯಾಣುವ್ರತದ ಲೆಕ್ಕದಲ್ಲಿ ಸುಳ್ಳೇ. ಇಲ್ಲಿ ಅದು ಒಬ್ಬ ಶ್ರಾವಕನ ಜೀವಮಾನದ ಭಾವನೆಯನ್ನು ಕಸಿದುಕೊಂಡಿತು.

ನೋವಿನ ಶಮನಕ್ಕೆ ಮಾರ್ಫಿನ್ ಕೊಟ್ಟರೆ ಮದ್ಯತ್ಯಾಗಕ್ಕೆ ಭಂಗವೇ ಎಂದು ಹಿಂಜರಿಯುವವರಿಗೂ ಒಂದು ಮಾತು. ವೇದನೆಯನ್ನೇ ನೆನೆನೆನೆದು ಕೊರಗುವುದು ಆರ್ತಧ್ಯಾನದ ಒಂದು ಭೇದ. ತಕ್ಕ ಪ್ರಮಾಣದಲ್ಲಿ ಕೊಟ್ಟ ನೋವಿನ ಮದ್ದು ಮನಸ್ಸನ್ನು ಅದರಿಂದ ಬಿಡಿಸಿ ಪಂಚಪರಮೇಷ್ಠಿಗಳ ಕಡೆಗೆ ತಿರುಗಿಸಲು ನೆರವಾಗುತ್ತದೆ. ಅಮಲಿಗಾಗಿ ಕುಡಿಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪಿತ್ತಾಗ ಜೈನ ಸಮಾಜ ದೇಶದಾದ್ಯಂತ ಬೀದಿಗಿಳಿಯಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಸಲ್ಲೇಖನ ಆತ್ಮಹತ್ಯೆಯಲ್ಲ ಎಂಬ ವಾದದ ಬೆನ್ನೆಲುಬು ನಿಃಪ್ರತೀಕಾರ ಎಂಬ ಷರತ್ತೇ ಎಂಬುದನ್ನು ಅಂದು ಮೆರವಣಿಗೆಯಲ್ಲಿ ನಡೆದವರು ತಮ್ಮ ಮನೆಗಳಲ್ಲಿಯೂ ನೆನೆಯಬೇಕು. ಗುಣವಾಗಬಲ್ಲ ರೋಗಿ ಭಯದಿಂದ ಅನ್ನ ಬಿಟ್ಟಾಗ ಅದಕ್ಕೆ ಸಲ್ಲೇಖನವೆಂದು ಹೆಸರಿಟ್ಟು ಜಯಕಾರ ಹಾಕಿದರೆ ಆ ವಾದ ತಾನಾಗಿ ಬಿದ್ದುಹೋಗುತ್ತದೆ. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯವು ಗುಣವಾಗುವ ಆಶೆಯಿಲ್ಲದ ಸ್ಥಿತಿಯಲ್ಲಿ ತನಗೆ ಯಂತ್ರಗಳ ನೆರವು ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಎಲ್ಲರಿಗೂ ಮಾನ್ಯ ಮಾಡಿದೆ. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿದೆ. ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಇದ್ದರೆ ಸಾಕು.

ಶ್ರಾವಿಕೆಗೆ ಕೀಮೋಥೆರಪಿ ಪೂರ್ತಿಯಾಗಿದೆ. ಕೂದಲು ಮತ್ತೆ ಬಂದಿದೆ, ಮೊದಲಿಗಿಂತ ಗುಂಗುರಾಗಿ. ರೋಗ ಮರಳುವುದೋ ಇಲ್ಲವೋ ಇನ್ನೂ ಕೆಲವು ವರ್ಷ ಯಾರೂ ಹೇಳುವಂತಿಲ್ಲ. ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗಿಬರುತ್ತಾರೆ. ಕಳೆದ ಕ್ಷಮಾವಳಿಯ ದಿನ ಆಕೆ ಒಂದು ಹಾಳೆಯನ್ನು ಬರೆಯಿಸಿ ಸಹಿಮಾಡಿದರು. ಇನ್ನು ಔಷಧವಿಲ್ಲವೆಂದು ವೈದ್ಯರು ಹೇಳಿದ ದಿನ ಆ ಮಾತನ್ನು ಬೇರೆ ಯಾರಿಗಿಂತ ಮೊದಲು ತನಗೆ ತಿಳಿಸಬೇಕು, ಗಾಜಿನ ಕೋಣೆಗೆ ಒಯ್ಯದೆ ಗುರುಗಳನ್ನು ಕರೆಸಬೇಕು ಎಂದು ಅದರಲ್ಲಿದೆ. ಇಬ್ಬರು ಸಾಕ್ಷಿಗಳಲ್ಲಿ ಒಬ್ಬನು ಹಿರಿಯರ ದೊಡ್ಡ ಮಗ. ಸಹಿ ಹಾಕುವ ಮೊದಲು ಆತ ಆ ಹಾಳೆಯನ್ನು ಎರಡು ಸಲ ಓದಿದನು.